ಜಗಲಿಯಲ್ಲಿ ಕೂತ ಕೆಂಚಣ್ಣ

ಬೆಳಗ್ಗೆ ರಂಗೋಲಿ ಹಾಕಲೆಂದು ಬಾಗಿಲು ತೆಗೆದ ಅಮ್ಮ ಜಗಲಿಯ ಕಡೆ ಒಮ್ಮೆ ನೋಡಿ ಅಲ್ಲಿಂದಲೇ ಕೂಗಿದಳು. "ವನಮಾಲಾ, ನಿನ್ನೆನೂ ಓದಿಲ್ಲ ಅಲ್ವೇನೇ? ಇನ್‌ಸ್ಪೆಕ್ಟರು ಮತ್ತೆ ಬಂದು ಕೂತಿದಾರೆ."

ನಾನು ಹೊದಿಕೆಯೊಳಗಿಂದಲೇ ಹೇಳಿದೆ, "ಓದ್ದೆ ಅಮ್ಮ. ಮಲಗೋ ಮುಂಚೆ ಎರಡು ಪುಟ."

"ಓದಿದ್ರೆ ಅವರ ಕೈ ಇಳೀಬೇಕಿತ್ತಲ್ಲ. ಇನ್ನೂ ಎತ್ಕೊಂಡೇ ಇದಾರೆ, ಪಾಪ."

ಇನ್‌ಸ್ಪೆಕ್ಟರು ಒಂದು ಪತ್ತೇದಾರಿ ಕಾದಂಬರಿಯವರು. ಕೊಲೆಗಾರನ ಮನೆಯ ಬಾಗಿಲು ತಟ್ಟಲು ಅವರು ಬಲಗೈ ಎತ್ತಿದ ಸಾಲಿಗೆ ಸರಿಯಾಗಿ ನಾನು ಪುಸ್ತಕ ಮಡಚಿಟ್ಟಿದ್ದೆ. ಅಂದಿನಿಂದ ಆ ಕೈ ಗಾಳಿಯಲ್ಲೇ ಇದೆ. ಕಾಫಿಯನ್ನು ಎಡಗೈಯಲ್ಲಿ ಕುಡಿಯುತ್ತಾರೆ, ಎಡಗೈಯಲ್ಲಿ ಲೋಟ ಹಿಡಿದದ್ದಕ್ಕೆ ಪ್ರತಿ ಸಲವೂ ಅಮ್ಮನ ಕ್ಷಮೆ ಕೇಳುತ್ತಾರೆ. ಒಳ್ಳೆಯ ಮನುಷ್ಯ.

ನಮ್ಮೂರಿನಲ್ಲಿ ಓದಿನ ವಿಷಯಕ್ಕೆ ಸುಳ್ಳು ನಡೆಯುವುದಿಲ್ಲ. ಹಿಡಿದ ಪುಸ್ತಕವನ್ನು ಒಂದು ದಿನ ಬಿಟ್ಟರೆ ಸಾಕು, ಮರುದಿನ ಬೆಳಕು ಹರಿಯುವಷ್ಟರಲ್ಲಿ ಅದರೊಳಗಿನವರೊಬ್ಬರು ಬಂದು ಜಗಲಿಯಲ್ಲಿ ಕೂತಿರುತ್ತಾರೆ. ಬಯ್ಯುವುದಿಲ್ಲ, ಅವಸರ ಮಾಡುವುದಿಲ್ಲ. ಓದುವವರು ಎಲ್ಲಿ ನಿಲ್ಲಿಸಿದರೋ ಆ ಸ್ಥಿತಿಯಲ್ಲೇ ಕೂತು ಕಾಯುತ್ತಾರೆ, ಅಷ್ಟೆ. ಮುಂದಿನ ಪುಟ ಓದಿದರೆ ಎದ್ದು ಹೋಗುತ್ತಾರೆ. ಓದಿದ ಹಾಗೆ ನಟಿಸಿದರೆ ಕದಲುವುದಿಲ್ಲ. ಪುಸ್ತಕ ಮುಗಿಸಿದವರ ಮನೆಗೆ ಮತ್ತೆ ಬರುವುದಿಲ್ಲ. ಮುಗಿಸಲಾರದೆ ವಾಚನಾಲಯಕ್ಕೆ ಹಿಂತಿರುಗಿಸಿದರೆ, ಒಂದು ನಿಟ್ಟುಸಿರು ಬಿಟ್ಟು ಪುಸ್ತಕದ ಜೊತೆಗೇ ಹೊರಟುಬಿಡುತ್ತಾರೆ.

ಊರು ಇದಕ್ಕೆ ಯಾವ ಕಾಲದಲ್ಲೋ ಹೊಂದಿಕೊಂಡಿದೆ. ಹಾಲಿನವನು ಬಾಗಿಲಲ್ಲಿ ನಿಂತು "ಮನೆಯವರಿಗೆಷ್ಟು, ಕಥೆಯವರಿಗೆಷ್ಟು?" ಎಂದೇ ಕೇಳುವುದು. ಹೆಣ್ಣು ನೋಡಲು ಬರುವವರು ಒಳಗೆ ಕಾಲಿಡುವ ಮೊದಲು ಜಗಲಿಯಲ್ಲಿ ಎಷ್ಟು ಜನ ಕೂತಿದ್ದಾರೆಂದು ಓರೆಗಣ್ಣಿನಲ್ಲಿ ಎಣಿಸುತ್ತಾರೆ. ನನ್ನನ್ನು ನೋಡಲು ಬಂದವರು ಎಣಿಸುತ್ತ ಎಣಿಸುತ್ತಲೇ ಹಿಂದಕ್ಕೆ ಹೋದರು. ಬುದ್ಧಿವಂತರು ಪುಸ್ತಕವನ್ನೇ ಮುಟ್ಟುವುದಿಲ್ಲ. ವಾಚನಾಲಯದ ಹಾಲಪ್ಪನವರು ಪುಸ್ತಕ ಕೊಡುವ ಮುಂಚೆ ಕನ್ನಡಕದ ಮೇಲಿಂದ ನೋಡಿ, "ಏನಮ್ಮ, ಜಗಲೀಲಿ ಜಾಗ ಇದ್ಯಾ?" ಅನ್ನುತ್ತಾರೆ.

ನಮ್ಮ ಜಗಲಿಯಲ್ಲಿ ಜಾಗ ಇರುತ್ತಿರಲಿಲ್ಲ. ಒಂದು ಕಾಲದಲ್ಲಿ ಅಲ್ಲಿ ಒಂದೇ ಕಿವಿಗೆ ಓಲೆ ಹಾಕಿಕೊಂಡ ಮದುಮಗಳು, ಒಬ್ಬ ಜಟ್ಟಿ, ಅವನ ತೋಳಿನ ಪಟ್ಟಿನಲ್ಲಿ ಸಿಕ್ಕಿಕೊಂಡ ಇನ್ನೊಬ್ಬ ಜಟ್ಟಿ, ಎಲ್ಲರೂ ಇದ್ದರು. ಒಮ್ಮೆ ಒಬ್ಬ ಸಂಗೀತಗಾರರ ಕಥೆಯನ್ನು ಆಲಾಪನೆಯ ನಡುವೆ ಬಿಟ್ಟು, ಒಂದು ದಿನ ಮುಟ್ಟದೆ ಮಲಗಿದ್ದೆ. ಬೆಳಗ್ಗೆ ಕೋಳಿ ಕೂಗುವ ಮೊದಲೇ ಅವರು ಬಂದು ಒಂದೇ ಸ್ವರ ಹಿಡಿದು "ಆ" ಎಂದು ಎಳೆಯತೊಡಗಿದರು. ಮುಂದಿನ ಸ್ವರ ಮುಂದಿನ ಪುಟದಲ್ಲಿತ್ತು. ಬೀದಿಯವರೆಲ್ಲ ಬಂದು ನನ್ನ ಕೈಗೆ ಪುಸ್ತಕ ಕೊಟ್ಟು, ಸುತ್ತ ನಿಂತು ಓದಿಸಿದರು. ನಾನು ಒಂದೇ ಉಸಿರಿಗೆ ಓದಿದ ಅಧ್ಯಾಯ ಅದೊಂದೇ.

ಎದುರು ಮನೆಯ ಸರ್ವಮಂಗಳಮ್ಮನವರ ಜಗಲಿ ಮಾತ್ರ ಯಾವಾಗಲೂ ತೊಳೆದಿಟ್ಟ ತಟ್ಟೆಯ ಹಾಗೆ. ದಿನಾ ನಾಲ್ಕು ಗಂಟೆಗೆ ಅವರು ಆರಾಮಕುರ್ಚಿ ಹೊರಗೆ ಹಾಕಿಸಿ, ಇಡೀ ಬೀದಿಗೆ ಕಾಣುವ ಹಾಗೆ ಓದಲು ಕೂರುತ್ತಿದ್ದರು. ಪುಟ ತಿರುಗಿಸುವಾಗ ಒಮ್ಮೆ ನಮ್ಮ ಮನೆಯ ಕಡೆ ನೋಡುತ್ತಿದ್ದರು. "ಏನಿಲ್ಲಮ್ಮ ವನಮಾಲಾ, ಮನಸ್ಸು ಮಾಡ್ಬೇಕು ಅಷ್ಟೆ. ಹಲ್ಲುಜ್ಜೋದು ಮರೀತೀವಾ?" ಅನ್ನುತ್ತಿದ್ದರು. ನನ್ನ ಕಷ್ಟ ಅವರಿಗೆ ಹೇಗೆ ತಿಳಿಯಬೇಕು? ಹಲ್ಲುಜ್ಜುವಾಗಲೂ ನಾನು ಎಷ್ಟೋ ಸಲ ಬ್ರಷ್ ಬಾಯಲ್ಲಿಟ್ಟುಕೊಂಡು ಬಾವಿಕಟ್ಟೆಯ ಹತ್ತಿರ ನಿಂತೇಬಿಟ್ಟಿರುತ್ತೇನೆ.

ನನಗೆ ಓದುವ ಆಸೆ ಇಲ್ಲದೆ ಇಲ್ಲ. ಆಸೆಯೇ ಹೆಚ್ಚಾಯಿತು. 'ರಾಜಕುಮಾರ ಕಾಡನ್ನು ಹೊಕ್ಕ' ಎಂದು ಓದಿದರೆ ನಾನೂ ಹೊಕ್ಕುಬಿಡುತ್ತೇನೆ. ಅವನು ಮುಂದಿನ ಸಾಲಿನಲ್ಲಿ ಬಲಕ್ಕೆ ಹೋಗಿರುತ್ತಾನೆ, ನಾನು ಎಡಕ್ಕೆ. ನಾನು ಅಲ್ಲೊಂದು ಕೊಳ ಕಟ್ಟಿ, ಕೊಳದೊಳಗೊಂದು ಮಾತಾಡುವ ಆಮೆ ಬಿಟ್ಟು, ಆಮೆಗೆ ಮದುವೆ ನಿಶ್ಚಯ ಮಾಡುವಷ್ಟರಲ್ಲಿ ಅಮ್ಮ ದೀಪ ಹಚ್ಚಿರುತ್ತಾಳೆ. ಪುಸ್ತಕ ಅದೇ ಸಾಲಿನಲ್ಲಿ ತೆರೆದು ಬಿದ್ದಿರುತ್ತದೆ. ಇದಕ್ಕೆಲ್ಲ ಕಾರಣ ಅಜ್ಜಿ ಎಂದು ಅಮ್ಮನ ದೂರು. ನನ್ನನ್ನು ಬೆಳೆಸಿದ್ದು ಅಜ್ಜಿಯ ಕಥೆಗಳು, ಮತ್ತು ಅಜ್ಜಿಯ ಯಾವ ಕಥೆಗೂ ಕೊನೆ ಇರಲಿಲ್ಲ. ಏಳು ಬಾಗಿಲಿನ ಕೋಟೆಯಲ್ಲಿ ಆರನೆಯ ಬಾಗಿಲು ತೆರೆಯುತ್ತಿದ್ದ ಹಾಗೆ ಅವಳು ಮಗ್ಗುಲಾಗಿ "ಇಷ್ಟೇ ಕಣೇ, ಇನ್ನು ಮಲಕ್ಕೋ" ಅನ್ನುತ್ತಿದ್ದಳು. ಏಳನೆಯ ಬಾಗಿಲನ್ನು ನಾನೇ ತೆರೆದುಕೊಳ್ಳಬೇಕಿತ್ತು. ತೆರೆದು ತೆರೆದು ಅದೇ ಚಟವಾಯಿತು.

ಅಭ್ಯಾಸ ಮಾಡಿಕೊಳ್ಳಲು ನಾನು ಪಡದ ಪಾಡಿಲ್ಲ. ಒಂದು ಪುಟ ಓದುವ ತನಕ ಕಾಫಿ ಕುಡಿಯುವುದಿಲ್ಲ ಎಂದು ಶಪಥ ಮಾಡಿದೆ. ತಲೆನೋವು ಬಂದು, ತಲೆನೋವಿಗೆ ಕಾಫಿ ಕುಡಿದೆ. ಮಾಳಿಗೆಯ ಮೇಲೆ ಹಪ್ಪಳ ಕಾಯುವ ಕೆಲಸ ಕೇಳಿ ಪಡೆದು ಪುಸ್ತಕ ಹಿಡಿದು ಕೂತೆ. ಕಾಗೆ ಹಪ್ಪಳ ಎತ್ತಿಕೊಂಡು ಎಲ್ಲಿಗೆ ಹೋಗುತ್ತದೆ, ಅದರ ಮನೆಯಲ್ಲಿ ಯಾರ ಸೀಮಂತವಿರಬಹುದು ಎಂದು ಯೋಚಿಸುತ್ತಿದ್ದಾಗ ಉಳಿದ ಹಪ್ಪಳವೂ ಹೋಯಿತು. ಕೂತವರಿಗೆ ನಾನೇ ಒಂದು ಕೊನೆ ಕಟ್ಟಿ ಹೇಳಿ ಕಳಿಸಿಬಿಡೋಣವೆಂದು ಕೂಡ ನೋಡಿದೆ. ಇನ್‌ಸ್ಪೆಕ್ಟರಿಗೆ ಕೊಲೆಗಾರ ಯಾರೆಂದು ಅಭಿನಯಪೂರ್ವಕವಾಗಿ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, "ತುಂಬಾ ಚೆನ್ನಾಗಿದೆಯಮ್ಮ. ಆದ್ರೆ ಇದು ನನ್ನ ಕೇಸಲ್ಲ" ಅಂದರು.

ಹೀಗಿರುವಾಗ ಹಾಲಪ್ಪನವರು ಒಂದು ದಿನ ಒಂದು ತೆಳ್ಳನೆಯ ಪುಸ್ತಕ ತೆಗೆದುಕೊಟ್ಟರು. ರಟ್ಟು ಹರಿದುಹೋಗಿತ್ತು, ಹೆಸರಿನ ಪುಟವೂ ಇರಲಿಲ್ಲ. "ಯಾರು ಬರೆದಿದ್ದೋ ನನಗೂ ತಿಳೀದು. ತೆಳ್ಳಗಿದೆ, ನಿನಗಾಗುತ್ತೆ. ಆದ್ರೆ ಒಂದು ಮಾತು. ಈ ಪುಸ್ತಕ ತಗೊಂಡೋರು ಯಾರೂ ಹೊಳೆ ದಾಟಿದ್ದನ್ನ ನಾನು ನೋಡಿಲ್ಲ."

"ಯಾವ ಹೊಳೆ ಸಾರ್?"

"ಬರುತ್ತೆ, ನೀನೇ ನೋಡ್ತೀಯಲ್ಲ."

ಮೊದಲ ದಿನ ಹುರುಪಿನಲ್ಲಿ ಓದಿದೆ. ಒಬ್ಬಾತ ಮುಚ್ಚಳ ಬಿಗಿದ ಹಿತ್ತಾಳೆ ಡಬ್ಬಿಯೊಂದನ್ನು ಹಿಡಿದು ಅಕ್ಕನ ಮನೆಗೆ ಹೊರಡುತ್ತಾನೆ. ನಡೆಯುತ್ತಾನೆ, ನಡೆಯುತ್ತಾನೆ, ಹೊಳೆಯ ದಡಕ್ಕೆ ಬರುತ್ತಾನೆ. ದೋಣಿ ಆಚೆ ದಡದಲ್ಲಿದೆ. ಅಲ್ಲಿಂದ ಶುರುವಾಯಿತು ಹೊಳೆಯ ವರ್ಣನೆ. ಮೊದಲು ನೀರಿನ ಬಣ್ಣ, ಆಮೇಲೆ ನೀರಿನ ಸದ್ದು, ಆಮೇಲೆ ನೀರಿನ ಬಣ್ಣಕ್ಕೂ ಸದ್ದಿಗೂ ಇರುವ ಸಂಬಂಧ. ಬರೆದಾತನಿಗೆ ನೀರು ಕಂಡರೆ ಮೈಮರೆವು ಬರುತ್ತಿತ್ತೆಂದು ಕಾಣುತ್ತದೆ. ನನಗೂ ಬಂತು. ಎಲ್ಲೋ ಕೇಳಿದ ಹಾಗಿದೆಯಲ್ಲ ಈ ಕಥೆ ಅನ್ನಿಸಿತಾದರೂ, ಅಷ್ಟರಲ್ಲಿ ನಾನು ಆ ಹೊಳೆಯೊಳಗೆ ಮೀನಾಗಿ ಈಜತೊಡಗಿದ್ದೆ. ಮರುದಿನ ಪುಸ್ತಕ ಮುಟ್ಟಲು ಮರೆತೆ.

ಅದರ ಮರುದಿನ ಬೆಳಗ್ಗೆ ಇನ್‌ಸ್ಪೆಕ್ಟರ ಪಕ್ಕದಲ್ಲಿ ಮೂವತ್ತರ ಪ್ರಾಯದ ಗಟ್ಟಿ ಆಳೊಬ್ಬ ಕೂತಿದ್ದ. ತಲೆಗೆ ಕೆಂಪು ವಸ್ತ್ರ, ತೊಡೆಯ ಮೇಲೆ ಹಿತ್ತಾಳೆ ಡಬ್ಬಿ. ಅಮ್ಮ ಮೂಗು ಮುರಿಯುತ್ತ ಕಾಫಿ ಲೋಟ ಇಟ್ಟಳು. ಅಜ್ಜಿ ಎಂದಿನ ಹಾಗೆ ಎಲೆಅಡಿಕೆ ತಟ್ಟೆ ಹಿಡಿದು ಬಿಸಿಲು ಕಾಯಿಸಲು ಹೊರಗೆ ಬಂದವಳು, ಅವನನ್ನು ನೋಡಿ ಹೊಸಿಲಿನಲ್ಲೇ ನಿಂತಳು. ಅವನೂ ನೋಡಿದ. ತುಂಬ ಹೊತ್ತು ನೋಡಿ, ಎದ್ದು ನಿಂತ.

"ತಂಗೀ! ಇದೇನವ್ವ, ತಲೆಯೆಲ್ಲ ಬೆಳ್ಳಗಾಗೋಗದೆ? ಸುಣ್ಣ ಗಿಣ್ಣ ಸುರ್ಕಂಡ್ಯಾ?"

ಎಂಬತ್ತು ದಾಟಿದ ನನ್ನ ಅಜ್ಜಿ, ಮೊಮ್ಮಗನ ವಯಸ್ಸಿನ ಆ ಗಂಡಸಿನ ಮುಂದೆ ಸೆರಗು ಸರಿಮಾಡಿಕೊಂಡು ಹೊಸ ಸೊಸೆಯ ಹಾಗೆ ನಿಂತು ಕೇಳಿದಳು. "ಕೆಂಚಣ್ಣಾ... ಇನ್ನೂ ದೋಣಿ ಬರ್ಲಿಲ್ವಾ?"

"ಎಲ್ಲವ್ವ! ಹೊಳೆ ಇಂಗದೆ, ಹೊಳೆ ಅಂಗದೆ ಅಂತ ಏಳ್ತಾನೇ ಅವ್ನೆ ಬರ್ದೋನು. ಓದೋರೆಲ್ಲ ಅಲ್ಲಿಗಂಟ ಬಂದು ನಿದ್ದೆ ಮಾಡ್ತರೆ. ನಾನು ಎಷ್ಟು ಜಗಲಿ ಸವೆಸ್ದೆ ಗೊತ್ತಾ ತಂಗಿ?"

ಆಗ ನನಗೆ ನೆನಪಾಯಿತು. ಡಬ್ಬಿ ಹಿಡಿದು ಅಕ್ಕನ ಮನೆಗೆ ಹೊರಟವನ ಕಥೆಯನ್ನು ಅಜ್ಜಿ ನನಗೆ ನೂರು ಸಲ ಹೇಳಿದ್ದಳು. ಪ್ರತಿ ಸಲವೂ ಹೊಳೆಯ ದಡದಲ್ಲಿ ನಿಲ್ಲಿಸಿ, "ದೋಣಿ ಬರ್ಲಿ, ಆಮೇಲೆ ಹೇಳ್ತೀನಿ" ಅನ್ನುತ್ತಿದ್ದಳು.

"ಅಜ್ಜಿ, ನಿನ್ನ ಕಥೆಗಳೆಲ್ಲ..." ಎಂದೆ.

"ಮತ್ತೆ ನನಗೆಲ್ಲಿಂದ ಬರುತ್ತೆ ಕಥೆ?" ಅಜ್ಜಿ ತಟ್ಟೆ ಇಟ್ಟುಕೊಂಡು ಕೂತಳು. "ನನಗೆ ಓದೋಕೆ ಬರಲ್ಲ. ಕಥೆ ಹೇಳೋಕೆ ನಮ್ಮಮ್ಮ ಇರ್ಲಿಲ್ಲ. ನಿಮ್ಮಜ್ಜ ಪುಸ್ತಕ ತರೋರು, ಅರ್ಧಕ್ಕೆ ಬಿಡೋರು, ಥೇಟ್ ನಿನ್ನ ಹಾಗೇ. ಬಂದು ಕೂತೋರಿಗೆ ಕಾಫಿ ಕೊಟ್ಟು, ಇಲ್ಲೀ ತನಕ ಏನಾಯ್ತು ಅಂತ ಕೇಳ್ಕೊಳ್ತಿದ್ದೆ. ಅವರಿಗೆ ಗೊತ್ತಿದ್ದಷ್ಟು ಅವರು ಹೇಳೋರು. ಅಷ್ಟನ್ನೇ ನಾನು ನಿನಗೆ ಹೇಳಿದ್ದು. ಕೊನೆ ಅವರಿಗೇ ಗೊತ್ತಿಲ್ಲದಿದ್ರೆ ನಾನೆಲ್ಲಿಂದ ತರ್ಲಿ?"

ಏಳನೆಯ ಬಾಗಿಲಿನ ಗುಟ್ಟು ಇಷ್ಟು! ನನಗೆ ನಗು ಬಂತು. ಆದರೆ ಅಜ್ಜಿ ನಗಲಿಲ್ಲ. ಅಡಕತ್ತರಿಯಿಂದ ಅಡಿಕೆ ಹೋಳು ಮಾಡುತ್ತ, ಕೆಂಚಣ್ಣನಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು. "ನಾನು ಮದುವೆಯಾಗಿ ಬಂದ ವರ್ಷ ಗೌರಿಹಬ್ಬಕ್ಕೆ ಬೀದಿಯ ಹೆಂಗಸರಿಗೆಲ್ಲ ತವರಿಂದ ಯಾರಾದ್ರೂ ಬಂದಿದ್ರು. ನನಗ್ಯಾರಿದ್ರು ಬರೋಕೆ? ಬೆಳಗ್ಗೆ ಬಾಗಿಲು ತೆಗೆದ್ರೆ ಜಗಲೀಲಿ ಇವನು, ಕೈಯಲ್ಲಿ ಡಬ್ಬಿ. ನನಗೇ ತಂದಿದಾನೆ ಅಂದ್ಕೊಂಡು ಕೈ ಚಾಚಿಬಿಟ್ಟೆ ಕಣೇ. ಅವನು ಗಾಬರಿಯಾಗಿ, ಇದು ನಮ್ಮಕ್ಕನಿಗೆ ತಂಗಿ ಅಂದ. ಡಬ್ಬಿ ಹೋಗ್ಲಿ, ತಂಗಿ ಅಂದ್ನಲ್ಲ! ಅವನಿಗೆ ಹೋಳಿಗೆ ಬಡಿಸ್ದೆ. ನಿಮ್ಮಜ್ಜನ್ನ ಕೇಳ್ದೆ, ಡಬ್ಬೀಲಿ ಏನಿದೆ ಅಂತ ಓದಿ ಹೇಳಿ ಅಂತ. ನಾಳೆ ನಾಳೆ ಅಂದ್ರು. ಒಂದಿನ ನಾನು ಬಾವಿಯಿಂದ ನೀರು ತರೋಷ್ಟರಲ್ಲಿ ಪುಸ್ತಕ ವಾಪಸ್ ಕೊಟ್ಟು ಬಂದಿದ್ರು."

"ಡಬ್ಬೀಲಿ ಏನಿದೆ ಕೆಂಚಣ್ಣ?" ಎಂದು ನಾನೇ ಕೇಳಿದೆ.

ಅವನು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದೇ ಇಲ್ಲ. "ನನ್ಗೇನು ಗೊತ್ತವ್ವ. ಅಕ್ಕನ ಮನೇಗೋಗಿ ಮುಚ್ಚಳ ತೆಗ್ದ್ರೆ ನಾನೂ ನೋಡ್ಬೋದು."

ಈಗ ಓದಿಬಿಡುವುದೇ ಸರಿ ಎಂದು ನಾನು ಅವತ್ತೇ ಪುಸ್ತಕ ಹಿಡಿದು ಕೂತೆ. "ವನೂ, ನನ್ನ ಕನ್ನಡಕ ಎಲ್ಲಿಟ್ಟೆ ನೋಡೇ" ಎಂದು ಅಜ್ಜಿ ಕರೆದಳು. ಕನ್ನಡಕ ಅವಳ ಹಣೆಯ ಮೇಲಿತ್ತು. ಮತ್ತೆ ಕೂತೆ. ಸೂಜಿಗೆ ದಾರ ಪೋಣಿಸಿಕೊಡು ಅಂದಳು. ಅಜ್ಜಿ ಹೊಲಿಗೆ ಬಿಟ್ಟು ವರ್ಷಗಳಾಗಿದ್ದವು. ಮರುದಿನ ಓದಲು ಕೂತರೆ ಬೆನ್ನು ನೋವು, ಅದರ ಮರುದಿನ ಕಾಲು ನೋವು. ನನ್ನ ಮೈಮರೆವಿಗೆ ಇಷ್ಟು ಬೆಂಬಲ ಹಿಂದೆಂದೂ ಸಿಕ್ಕಿರಲಿಲ್ಲ. ಬೆಳಗಾದರೆ ಕೆಂಚಣ್ಣ ಜಗಲಿಯಲ್ಲಿ, ಅಜ್ಜಿ ಅವನ ಪಕ್ಕದಲ್ಲಿ. ಅಣ್ಣನಿಗೆ ಕೋಡುಬಳೆ ಇಷ್ಟವೆಂದು ಕೋಡುಬಳೆ, ಅಣ್ಣ ಸಪ್ಪೆ ತಿನ್ನುವುದಿಲ್ಲವೆಂದು ಇನ್ನಷ್ಟು ಖಾರ. "ನಿಮ್ಮಜ್ಜಿ ಈ ವಯಸ್ಸಿನಲ್ಲಿ ಒಲೆ ಮುಂದೆ ಕೂತಿದಾರಲ್ಲೇ" ಎಂದು ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಇನ್‌ಸ್ಪೆಕ್ಟರಿಗೂ ಎಡಗೈಗೆ ಎರಡು ಕೋಡುಬಳೆ ಸಿಗುತ್ತಿತ್ತು. ಅವರು ತನಿಖೆಯ ದನಿಯಲ್ಲಿ ನನಗೊಮ್ಮೆ ಹೇಳಿದರು, "ನಿಮ್ಮನ್ನ ಓದೋಕೆ ಬಿಡದೇ ಇರೋದು ಯಾರು ಅಂತ ನನಗೆ ಗೊತ್ತಾಗಿದೆ. ಆದ್ರೆ ಕೋಡುಬಳೆ ಚೆನ್ನಾಗಿದೆ. ಕೇಸು ಮುಚ್ಚಿಬಿಡ್ತೀನಿ."

ಇದು ಎಷ್ಟು ದಿನ ನಡೆಯುತ್ತಿತ್ತೋ. ಒಂದು ಬೆಳಗ್ಗೆ ಕೆಂಚಣ್ಣ ಕೋಡುಬಳೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ತಂಗಿ, ಅಕ್ಕ ಬಾಗ್ಲಲ್ಲಿ ನಿಂತ್ಕಂಡು ಕಾಯ್ತಾ ಇರ್ತಳೆ. ನನ್ನ ಕಳಿಸ್ಕೊಡು" ಅಂದ.

"ಏನು?" ಅಂದಳು ಅಜ್ಜಿ.

ಅವನು ಇನ್ನೊಮ್ಮೆ ಹೇಳಿದ.

"ಏನಂದೆ ಅಣ್ಣ?"

ಮೂರನೆಯ ಸಲ ಅವನು ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದ. ಎದುರು ಮನೆಯ ಸರ್ವಮಂಗಳಮ್ಮ ಕಿಟಕಿ ತೆಗೆದು ನೋಡಿದರು. ಅಜ್ಜಿಗೆ ಆಗ ಕೇಳಿಸಿತು. ಬಲಗಿವಿ ಯಾವಾಗಲೋ ಹೋಗಿತ್ತು, ಎಡಗಿವಿಯೂ ಹೊರಟಿದೆಯೆಂದು ಅವಳು ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನ್ನ ಪುಸ್ತಕವನ್ನು ತಾನೇ ಎತ್ತಿಕೊಂಡು ಬಂದು ನನ್ನ ಮಡಿಲಿಗೆ ಹಾಕಿದಳು. "ನನಗಿನ್ನೂ ಒಂದು ಕಿವಿ ಇದೆ. ಅದು ಹೋಗೋದ್ರೊಳಗೆ ಡಬ್ಬೀಲಿ ಏನಿದೆ ಅಂತ ಕೇಳ್ಬಿಡ್ಬೇಕು. ಗಟ್ಟಿಯಾಗಿ ಓದು. ದಿನಾ ಓದು. ಮತ್ತೆ ಕೇಳು, ಪುಸ್ತಕದಲ್ಲಿ ಇರೋದನ್ನ ಓದು. ನಿನ್ನ ಆಮೆ ಮದುವೆ ನನಗೆ ಬೇಡ."

ಹೀಗೆ ಶುರುವಾಯಿತು. ಊಟ ಮುಗಿಸಿ, ಪಾತ್ರೆ ಬೋರಲು ಹಾಕಿದ ಮೇಲೆ ನಾನು ಜಗಲಿಯ ಕಂಬಕ್ಕೊರಗಿ ಅಜ್ಜಿಯ ಎಡಗಿವಿಗೆ ಓದುತ್ತಿದ್ದೆ. ಹೊಳೆಯ ವರ್ಣನೆಯನ್ನು ಕೂಗಿ ಓದುವುದೆಂದರೆ ಏನೆಂದು ಓದಿದವರಿಗೇ ಗೊತ್ತು. "ತಿಳಿನೀರಿನ ಮೌನ" ಎಂಬುದನ್ನು ನಾನು ನರ ಉಬ್ಬಿಸಿಕೊಂಡು ಅರಚಿದೆ. ಬೀದಿಯ ನಾಯಿ ಎದ್ದು ಬೇರೆ ಬೀದಿಗೆ ಹೋಯಿತು.

ಎರಡು ಸಾಲು ಹೋಗುವಷ್ಟರಲ್ಲಿ ನನ್ನ ಬಾಯಿ ತನ್ನ ದಾರಿ ಹಿಡಿಯುತ್ತಿತ್ತು. ಟಕ್ ಎಂದು ಅಜ್ಜಿ ಅಡಕತ್ತರಿಯನ್ನು ತಟ್ಟೆಗೆ ಬಡಿಯುತ್ತಿದ್ದಳು. "ಇದು ನಿನ್ನದು."

"ಇಲ್ಲ ಅಜ್ಜಿ, ಇಲ್ಲೇ ಇದೆ. ಕೊಕ್ಕರೆ ಕಾಲಿಗೆ ಗೆಜ್ಜೆ ಕಟ್ಟಿತ್ತು ಅಂತ."

"ಕೊಕ್ಕರೆ ಪುಸ್ತಕದ್ದು, ಗೆಜ್ಜೆ ನಿನ್ನದು. ನಿನ್ನನ್ನ ಬೆಳೆಸ್ದೋಳು ನಾನು. ಹಿಂದಿನ ಸಾಲಿಂದ ಓದು."

ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಎಲ್ಲಿ ಪುಸ್ತಕ ನಿಂತು ನಾನು ಶುರುವಾದೆನೆಂದು ಕೂದಲೆಳೆಯಷ್ಟೂ ತಪ್ಪದೆ ಗೊತ್ತಾಗುತ್ತಿತ್ತು. ಒಂದು ದಿನ ಅವಳು ತೂಕಡಿಸುತ್ತಿದ್ದಳೆಂದು ನಾನು ಹೊಳೆಯ ಎರಡು ಪುಟ ಹಾರಿಸಿದೆ. ಬೆಳಗ್ಗೆ ಕೆಂಚಣ್ಣ ಜಗಲಿಯಲ್ಲಿ. ಮೊಣಕಾಲಿನ ತನಕ ಕೆಸರು. "ನಡುವ್ನೀರಲ್ಲಿ ಬುಟ್ಬುಟ್ಟು ಓದ್ಯಲ್ಲವ್ವ!" ಎಂದು ನೊಂದುಕೊಂಡ. ಅಮ್ಮ ಜಗಲಿ ತೊಳೆಯುತ್ತ ನನಗೆ ಮಂಗಳಾರತಿ ಎತ್ತಿದಳು. ಮತ್ತೆಂದೂ ಹಾರಿಸಲಿಲ್ಲ.

ನಾನು ಅರಚುವುದು ಬೀದಿಗೆಲ್ಲ ಕೇಳುತ್ತಿತ್ತಲ್ಲ, ಜನ ಮೊದಮೊದಲು ಬಯ್ದರು, ಆಮೇಲೆ ಬಾಗಿಲಿಗೆ ಬಂದು ನಿಂತರು, ಆಮೇಲೆ ಬೀನ್ಸು ಸೋಸುವ ಮೊರ ಹಿಡಿದು ನಮ್ಮ ಜಗಲಿಗೇ ಬಂದರು. ಡಬ್ಬಿಯಲ್ಲಿ ಏನಿದೆ ಎಂಬುದು ಇಡೀ ಬೀದಿಯ ಚಿಂತೆಯಾಯಿತು. ಅಜ್ಜಿಯ ಪ್ರಕಾರ ಕೋಡುಬಳೆ. ಅಣ್ಣಂದಿರು ಇನ್ನೇನು ತರುತ್ತಾರೆ? ಅಮ್ಮನ ಪ್ರಕಾರ ಅಕ್ಕನ ಪಾಲಿಗೆ ಬರಬೇಕಾಗಿದ್ದ ಸರ. ಒಂದು ದಿನ ನೋಡಿದರೆ ಸರ್ವಮಂಗಳಮ್ಮನವರೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ! "ನಿಮ್ಮ ಓದೋ ಹೊತ್ತಲ್ವಾ ಇದು?" ಎಂದು ಅಮ್ಮ ಬೇಕೆಂದೇ ಕೇಳಿದಳು. "ಒಂದಿನ ತಾನೇ" ಅಂದರು ಅವರು. ಮರುದಿನವೂ ಬಂದರು. ಅಷ್ಟರಲ್ಲಿ ಅವರ ತೊಳೆದ ತಟ್ಟೆಯಂಥ ಜಗಲಿಯಲ್ಲಿ ಒಬ್ಬ ಸನ್ಯಾಸಿ, ಒಬ್ಬ ನಾಟಕದ ಹೆಂಗಸು ಮತ್ತು ಒಂದು ಆನೆಮರಿ ಕಾಣಿಸಿಕೊಂಡವು. ಅಮ್ಮ ಆ ದಿನವೆಲ್ಲ ಹಾಡಿಕೊಂಡೇ ಕೆಲಸ ಮಾಡಿದಳು.

ಕೊನೆಗೂ ವರ್ಣನೆ ಮುಗಿದು ದೋಣಿ ಬಂತು. 'ಅಷ್ಟರಲ್ಲಿ ಆಚೆ ದಡದಿಂದ ಹುಟ್ಟು ಹಾಕುವ ಸದ್ದು ಕೇಳಿಸಿತು' ಎಂದು ನಾನು ಓದಿದಾಗ ಬೀದಿಯವರು ಚಪ್ಪಾಳೆ ತಟ್ಟಿದರು. ಅಂಬಿಗನಿಗೂ ಕೆಂಚಣ್ಣನಿಗೂ ಮಾತು, ಆಚೆ ದಡ, ಹುಣಸೆ ತೋಪು, ಅಕ್ಕನ ಊರಿನ ದಾರಿ. ನಾನು ದಿನಾ ಓದಿದೆ. ಯಾವಾಗಿನಿಂದ ಅದು ಕಷ್ಟವೆನಿಸುವುದು ನಿಂತಿತೋ ನನಗೇ ಗೊತ್ತಾಗಲಿಲ್ಲ. ಕೆಂಚಣ್ಣ ಬರುವುದೂ ನಿಂತಿತು. ಅಜ್ಜಿ ಬೆಳಗ್ಗೆ ಎದ್ದು ಜಗಲಿಗೆ ಹೋಗಿ, ಅವನು ಕೂರುತ್ತಿದ್ದ ಜಾಗ ನೋಡಿ, "ಬಂದಿಲ್ಲ. ಸರಿಯಾಗಿ ಓದಿದೀಯ" ಎಂದು ನನ್ನನ್ನು ಹೊಗಳುತ್ತಿದ್ದಳು. ಹೊಗಳಿಕೆಯಲ್ಲಿ ಅಂಥ ಸಂತೋಷವೇನೂ ಇರುತ್ತಿರಲಿಲ್ಲ.

ಅಕ್ಕನ ಮನೆಯ ಬಾಗಿಲು ಕಾಣುವಲ್ಲಿಗೆ ಒಂದು ದಿನದ ಓದು ನಿಂತಿತು. ಉಳಿದದ್ದು ಕೊನೆಯ ಕೆಲವೇ ಪುಟ. ಜನ ಎದ್ದು ಹೋದ ಮೇಲೆ ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ವನೂ, ನಾಳೆ ಒಂದಿನ ಓದ್ಬೇ‌ಡ ಕಣೇ."

"ಯಾಕಜ್ಜಿ?"

"ಅಣ್ಣ ಹೇಳ್ದೆ ಕೇಳ್ದೆ ಹೋದ ಹಾಗಾಗುತ್ತೆ. ಹೋದ ಸಲಾನೂ ಹಾಗೇ ಆಯ್ತು."

ಓದದೆ ಇರುವುದು ಅಷ್ಟು ಕಷ್ಟವೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಊಟವಾಗಿ ಪಾತ್ರೆ ಬೋರಲು ಹಾಕಿದ ಕೂಡಲೇ ಕೈ ತಾನಾಗಿಯೇ ಪುಸ್ತಕದ ಕಡೆ ಹೋಯಿತು. ಅಮ್ಮ ಅದನ್ನು ಕಿತ್ತುಕೊಂಡು ಅಕ್ಕಿ ಡಬ್ಬದೊಳಗಿಟ್ಟಳು. ಓದಬೇಡ ಎಂದು ನಾನು ಗದರಿಸಿಕೊಂಡದ್ದು ಅದೇ ಮೊದಲು. ಬೀದಿಯವರು ಬಂದು ನಿರಾಸೆಯಿಂದ ಹಿಂತಿರುಗಿದರು. ನಾನು ಮಾಡಲು ಕೆಲಸವಿಲ್ಲದೆ ಬಾವಿಕಟ್ಟೆಗೆ ಹೋಗಿ ಸುಮ್ಮನೆ ಹಲ್ಲುಜ್ಜಿದೆ.

ಬೆಳಗ್ಗೆ ಕೆಂಚಣ್ಣ ಬಂದ. ಹೊಸದಾಗಿ ಮುಖ ತೊಳೆದು, ಕೆಂಪು ವಸ್ತ್ರವನ್ನು ನೀಟಾಗಿ ಸುತ್ತಿಕೊಂಡಿದ್ದ. ಡಬ್ಬಿಗೆ ಹುಣಸೆಹಣ್ಣು ಹಾಕಿ ತಿಕ್ಕಿದ ಹೊಳಪು. ಅಜ್ಜಿ ಮುಂಜಾನೆಯೇ ಕರಿದಿಟ್ಟಿದ್ದ ಕೋಡುಬಳೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅವನ ಕೈಗಿಟ್ಟಳು. "ನಿನಗಲ್ಲ. ನಿಮ್ಮಕ್ಕನಿಗೆ."

"ಯಾರು ಕೊಟ್ರು ಅಂದ್ರೆ ಏನನ್ಲವ್ವ?"

"ಏನಾದ್ರೂ ಅನ್ನು. ದಾರೀಲಿ ತಿಂದುಬಿಡ್ಬೇಡ."

ಇಬ್ಬರೂ ಬಹಳ ಹೊತ್ತು ಬಿಸಿಲಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಮಾತೇನೂ ಆಡಲಿಲ್ಲ; ಆಡಿದರೆ ಕೂಗಬೇಕಿತ್ತು. ಮಧ್ಯಾಹ್ನ ಬೀದಿಯೆಲ್ಲ ಸೇರಿತು, ಹಾಲಪ್ಪನವರು ವಾಚನಾಲಯಕ್ಕೆ ಬೀಗ ಹಾಕಿಕೊಂಡು ಬಂದರು. ಅಮ್ಮ ಅಕ್ಕಿ ಡಬ್ಬದಿಂದ ಪುಸ್ತಕ ತೆಗೆದು ಒರೆಸಿ ಕೊಟ್ಟಳು. ನಾನು ಮೊದಲ ಸಾಲು ಓದಿ ತಲೆಯೆತ್ತಿದರೆ ಕೆಂಚಣ್ಣ ಕೂತಿದ್ದ ಜಾಗ ಖಾಲಿ.

ಅಕ್ಕ ಬಾಗಿಲಿಗೆ ಬಂದಳು. ತಮ್ಮನನ್ನು ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಡಬ್ಬಿಯ ಮುಚ್ಚಳ ತಿರುಗಿಸಿದಳು. ಡಬ್ಬಿಯ ತುಂಬ ಹತ್ತಿ. ಹತ್ತಿಯ ನಡುವೆ ನಾಲ್ಕು ಕವಡೆ, ಒಂದಿಷ್ಟು ಹುಣಸೆಬೀಜ. ಅಕ್ಕನಿಗೆ ಮದುವೆಯಾದ ದಿನ ಅವರಿಬ್ಬರೂ ಚೌಕಾಬಾರ ಆಡುತ್ತಿದ್ದರಂತೆ. ದಿಬ್ಬಣ ಬಂತೆಂದು ಅಕ್ಕ ಆಟದ ನಡುವೆಯೇ ಎದ್ದು ಹೋಗಿದ್ದಳಂತೆ. "ಆಟ ಮುಗ್ಸೋಕೆ ಬಂದಿವ್ನಿ ಕಣಕ್ಕ" ಎಂದ ಕೆಂಚಣ್ಣ.

"ಕವಡೆನಾ!" ಅಜ್ಜಿ ಅಡಕತ್ತರಿ ಕೆಳಗಿಟ್ಟಳು. "ಇಷ್ಟು ವರ್ಷ ನಾನು ಕೋಡುಬಳೆ ಅಂದ್ಕೊಂಡು ಬದುಕಿದ್ನಲ್ಲೇ!"

ನಾನು ಮುಂದೆ ಓದಿದೆ. 'ಇಷ್ಟು ತಡವೇಕೆ ಮಾಡಿದೆ ಎಂದು ಅಕ್ಕ ಕೇಳಿದಳು. ದಾರೀಲಿ ತಂಗಿ ಮನೇಲಿ ಕೂತೆ ಕಣಕ್ಕ ಎಂದ ಕೆಂಚ. ನಮಗೆಲ್ಲಿಯ ತಂಗಿಯೋ ಎಂದು ಅಕ್ಕ ನಕ್ಕಳು. ಅವ್ಳೆ ಕಣಕ್ಕ, ಹೊಳೆ ಆಚೆಗವ್ಳೆ. ನಿನ್ನಂಗೇ, ಕೈಗೇನಾರ ಕೊಡ್ದೆ ಕಳಿಸ್ದೋಳಲ್ಲ ಎಂದು ಅವನು ಬಿಳಿ ಬಟ್ಟೆಯ ಗಂಟನ್ನು ಬಿಚ್ಚಿದ.' ಅದೇ ಕೊನೆಯ ಸಾಲು.

ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಅಡಕತ್ತರಿಗೆ ಕೈ ಹಾಕಿದಳು, ಬಡಿಯಲಿಲ್ಲ. "ವನೂ, ಇದು ನಿನ್ನದಾ, ಪುಸ್ತಕದ್ದಾ?"

"ಪುಸ್ತಕದ್ದು ಅಜ್ಜಿ."

"ನನ್ನ ಮೇಲಾಣೆ?"

"ನಿನ್ನ ಮೇಲಾಣೆ." ಹಾಲಪ್ಪನವರು ಪುಸ್ತಕ ಇಸಕೊಂಡು ಕೊನೆಯ ಪುಟ ನೋಡಿ ತಲೆಯಾಡಿಸಿದರು. ಅಜ್ಜಿ ಅವರನ್ನೂ ನಂಬಲಿಲ್ಲ. "ನೀವೂ ಇವಳ ಕಡೆಯವ್ರೇ. ನಾಳೆ ಬೆಳಗ್ಗೆ ಗೊತ್ತಾಗುತ್ತೆ" ಅಂದಳು. ಹೌದಲ್ಲ, ಒಂದು ಸಾಲು ನಾನು ಸೇರಿಸಿದ್ದರೂ ಕೆಂಚಣ್ಣ ಬೆಳಗ್ಗೆ ಬಂದು ಕೂರಲೇಬೇಕು. ಅವನು ಬರಲಿ ಎಂದು ಅವಳಿಗೆ ಆಸೆಯಿತ್ತೋ, ಬಾರದಿರಲಿ ಎಂದಿತ್ತೋ, ನನಗೆ ಇವತ್ತಿಗೂ ತಿಳಿಯದು.

ಬೆಳಗ್ಗೆ ಅಮ್ಮನಿಗಿಂತ ಮೊದಲು ಅಜ್ಜಿಯೇ ಬಾಗಿಲು ತೆಗೆದಳು. ನಾನು ಹಿಂದೆಯೇ ಓಡಿದೆ. ಇನ್‌ಸ್ಪೆಕ್ಟರು ಕೈ ಎತ್ತಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಬಂದಿದ್ನಾ?" ಎಂದಳು ಅಜ್ಜಿ.

"ಇಲ್ಲ ತಾಯಿ," ಎಂದು ಇನ್‌ಸ್ಪೆಕ್ಟರು ಅವಳ ಎಡಗಿವಿಗೆ ಜೋರಾಗಿ ಹೇಳಿದರು. "ಕಣ್ಣು ಮುಚ್ಚದೆ ಕಾದಿದೀನಿ. ಯಾರೂ ಬಂದಿಲ್ಲ."

ಅಜ್ಜಿ ಹೋಗಿ ಕೆಂಚಣ್ಣ ಕೂರುತ್ತಿದ್ದ ಜಾಗದಲ್ಲಿ ಕೂತು ಕಾಲು ಇಳಿಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಗಾದ್ರೆ ನಿಜವಾಗ್ಲೂ ಹಾಗೇ ಹೇಳಿದಾನೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ತಾ ನಿಂತೀಯಲ್ಲ, ಇವತ್ತಿಂದ ಈ ಇನ್‌ಸ್ಪೆಕ್ಟರಪ್ಪನ ಕೈಲಿ ಬಾಗಿಲು ತಟ್ಟಿಸು. ಪಾಪ, ಭುಜ ಬಿದ್ದುಹೋಗಿರುತ್ತೆ. ಅಟ್ಟದ ಮೇಲೆ ನಮ್ಮನೆ ಕವಡೆ ಇರಬೇಕು, ಅದನ್ನೂ ತೆಗಿ" ಅಂದಳು.

ಊಟವಾದ ಮೇಲೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡಲು ಕೂತೆವು. ಅಜ್ಜಿಯ ಕಾಯಿಗಳನ್ನೆಲ್ಲ ನಾನು ಒಂದೊಂದಾಗಿ ಕಡಿದು ಹೊರಗೆ ಹಾಕಿದೆ. ಕೊನೆಯದನ್ನೂ ಕಡಿಯಲು ಕವಡೆ ಕುಲುಕುತ್ತಿದ್ದ ಹಾಗೆ, ನನ್ನನ್ನು ಓದಗೊಡಬಾರದೆಂದು ಇಲ್ಲದ ಬೆನ್ನುನೋವು ಬರಿಸಿಕೊಂಡಿದ್ದ ನನ್ನ ಅಜ್ಜಿ, ಕವಡೆಗಳನ್ನು ನನ್ನ ಕೈಯಿಂದ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡು ಗದರಿದಳು.

"ಸಾಕು, ಏಳು. ಓದೋ ಹೊತ್ತಾಯ್ತು."